ಶಾಲೆ ಬಿಡಿಸಿ ಮನೆಯಲ್ಲೇ ಓದಿಸಿದರೆ ಮುಂದೆ ಸೀಟು ಸಿಗುತ್ತಾ?

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ತಂದೆ-ತಾಯಂದಿರು ತಿರುಗಿ ತಿರುಗಿ ಕೇಳುವುದು ಇದನ್ನೇ: "ಮಗಳನ್ನು ಮನೆಯಲ್ಲೇ ಓದಿಸ್ತಿದ್ದೀವಿ. ನಾಳೆ ಸಿಇಟಿ ಬರೆದರೆ ಉಳಿದ ಮಕ್ಕಳ ಸಾಲಲ್ಲೇ ನಿಲ್ಲಿಸ್ತಾರಾ?"

ನಿಲ್ಲಿಸುತ್ತಾರೆ. ಆದರೆ ಅದಕ್ಕೆ ಬೇಕಾದ ಲೆಕ್ಕವನ್ನು ಹದಿನೆಂಟನೇ ವಯಸ್ಸಿಗಲ್ಲ, ಶಾಲೆ ಬಿಡಿಸುವ ದಿನವೇ ಹಾಕಬೇಕು.

ಮೊದಲು ಬೋರ್ಡು. ಎನ್‌ಐಒಎಸ್ ಎಂದರೆ ಶಾಲೆಗೆ ಹೋಗದೆ ಪರೀಕ್ಷೆ ಕಟ್ಟಬಹುದಾದ, ಕೇಂದ್ರ ಸರ್ಕಾರದ ಓಪನ್ ಸ್ಕೂಲ್ ಬೋರ್ಡು. ಅಲ್ಲಿ ಹತ್ತನೇ ತರಗತಿ ಕಟ್ಟಲು ಮಗುವಿಗೆ 14 ತುಂಬಿದ್ದರೆ ಸಾಕು. ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿಯೂ ಕಟ್ಟಬಹುದು. ಪಿಯುಸಿಗೆ ಬಂದರೆ ಮಾತ್ರ ಖಾಸಗಿ ಅಭ್ಯರ್ಥಿಗೆ ಆರ್ಟ್ಸ್, ಕಾಮರ್ಸ್ ಅಷ್ಟೇ. ಪ್ರಾಕ್ಟಿಕಲ್ ಇರುವ ಸೈನ್ಸ್ ಇಲ್ಲ. ಸೈನ್ಸ್ ಬೇಕೆಂದರೆ ಕಾಲೇಜಿಗೆ ಸೇರಬೇಕು, ಇಲ್ಲವೇ ಎನ್‌ಐಒಎಸ್‌ನಲ್ಲೇ ಹನ್ನೆರಡನೇ ತರಗತಿ ಕಟ್ಟಬೇಕು. ಓಪನ್ ಸ್ಕೂಲ್ ಮಕ್ಕಳಿಗೆ ನೀಟ್ ಇಲ್ಲ ಎಂಬ ನಿಯಮವನ್ನು 2018ರಲ್ಲಿ ದೆಹಲಿ ಹೈಕೋರ್ಟ್ ಹೊಡೆದುಹಾಕಿತು, 2024ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಆ ವಿಷಯ ಇತ್ಯರ್ಥವಾಯಿತು. ಬಸ್ ಸ್ಟ್ಯಾಂಡಿನ ಗೋಡೆಯ ಮೇಲಿನ "ನೇರ ಪಿಯುಸಿ, ಪಾಸ್ ಗ್ಯಾರಂಟಿ" ಪೋಸ್ಟರನ್ನು ನಂಬಿ ಹೆಸರೇ ಕೇಳದ ಬೋರ್ಡಿಗೆ ದುಡ್ಡು ಕಟ್ಟಿದವರ ಪಾಡು ಬೇರೆ. ಆ ಮಾರ್ಕ್ಸ್ ಕಾರ್ಡು ದಾಖಲೆ ಪರಿಶೀಲನೆಯ ಮೇಜು ದಾಟುವುದಿಲ್ಲ.

ಹತ್ತರಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಮೂರನ್ನೂ ತೆಗೆದುಕೊಳ್ಳಿ. ಸುಲಭವೆಂದು ಬೇರೆ ಐದು ವಿಷಯ ಆರಿಸಿಕೊಂಡರೆ ಪಾಸೇನೋ ಆಗುತ್ತದೆ, ಆದರೆ ಸೈನ್ಸ್ ಬೇಕೆಂದು ಪಿಯು ಕಾಲೇಜಿನ ಮುಂದೆ ನಿಂತಾಗ ಮಾತು ಬಿದ್ದುಹೋಗುತ್ತದೆ. ಹನ್ನೆರಡರಲ್ಲೂ ಇಂಗ್ಲಿಷ್ ಬಿಡಬೇಡಿ, ಇಂಜಿನಿಯರಿಂಗ್ ಅರ್ಹತೆಯಲ್ಲಿ ಅದನ್ನೂ ನೋಡುತ್ತಾರೆ.

ಈಗ ಎಲ್ಲರೂ ಎಡವುವ ಜಾಗ. ಸರ್ಕಾರಿ ಕೋಟಾದ ಸೀಟಿಗೆ ಹೆಚ್ಚಿನವರು ಅರ್ಹರಾಗುವುದು ಸಿಇಟಿ ನಡೆಸಿ ಸೀಟು ಹಂಚುವ ಕೆಇಎಯ (ಕರ್ನಾಟಕ ಪರೀಕ್ಷಾ ಪ್ರಾಧಿಕಾರದ) ನಿಯಮದ ‘ಎ’ ಕ್ಲಾಸಿನಲ್ಲಿ, ಅಂದರೆ ‘ಎ’ ಷರತ್ತಿನಲ್ಲಿ: ಒಂದನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ಕನಿಷ್ಠ 7 ವರ್ಷ ಕರ್ನಾಟಕದ ಮಾನ್ಯತೆ ಪಡೆದ ಶಾಲೆ, ಕಾಲೇಜಿನಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯು ಇಲ್ಲೇ ಪಾಸಾಗಿರಬೇಕು. ಪುರಾವೆ ಎಂದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಇರುವ ಸ್ಟಡಿ ಸರ್ಟಿಫಿಕೇಟ್. ಮನೆಯ ವರ್ಷಗಳಿಗೆ ಅದನ್ನು ಬರೆದುಕೊಡುವವರಿಲ್ಲ. ಗುಬ್ಬಿಯ ಮಗು ಐದನೇ ಕ್ಲಾಸ್ ಮುಗಿಸಿ ಶಾಲೆ ಬಿಟ್ಟು, ಹತ್ತನ್ನು ಎನ್‌ಐಒಎಸ್‌ನಲ್ಲಿ ಕಟ್ಟಿ, ಪಿಯುಗೆ ಕಾಲೇಜು ಸೇರಿದರೆ 5 ಮತ್ತು 2, ಏಳಾಯಿತು. ನಾಲ್ಕಕ್ಕೇ ಬಿಟ್ಟಿದ್ದರೆ ಆರು. ಆ ಒಂದು ವರ್ಷವನ್ನು ಆಮೇಲೆ ಯಾವ ಅಫಿಡವಿಟ್ಟೂ ತುಂಬಿಕೊಡುವುದಿಲ್ಲ. ಹಾಗಾದಾಗ ‘ಬಿ’ ಕ್ಲಾಸನ್ನು ನೋಡಿ: ಪಿಯು ಎರಡೂ ವರ್ಷ ಇಲ್ಲೇ ಓದಿ ಪಾಸಾಗಿದ್ದು, ತಂದೆ ಅಥವಾ ತಾಯಿ ರಾಜ್ಯದಲ್ಲಿ 7 ವರ್ಷ ಓದಿದ್ದರೆ ದಾರಿಯಿದೆ. ಅಪ್ಪ-ಅಮ್ಮನ ಹಳೇ ಶಾಲೆಯ ರಿಜಿಸ್ಟರ್ ಹುಡುಕಿಸುವುದೇ ಒಂದು ಕೆಲಸ, ಕೌನ್ಸೆಲಿಂಗ್ ವಾರದಲ್ಲಿ ಆಗುವಂಥದ್ದಲ್ಲ.

ನ್ಯಾಯದ ಮಾತು ಬರುವುದೇ ಇಲ್ಲಿ. ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮದ್ದು ಶೇ 5. ಎರಡಕ್ಕೂ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷದ ಶಾಲಾ ದಾಖಲೆ ಬೇಕು. ಪಾವಗಡದ ಹಳ್ಳಿಯಲ್ಲೇ ಹುಟ್ಟಿ, ಮನೆಯಲ್ಲಿ ಕನ್ನಡದಲ್ಲೇ ಓದಿದ ಹುಡುಗಿಗೆ ಎರಡೂ ಇಲ್ಲ. ಬೋರ್ಡನ್ನು ಸಮಾನ ಎಂದು ಒಪ್ಪಿಕೊಂಡ ಮೇಲೆ ಮಗು ಬೆಳೆದ ಊರನ್ನು ಮಾತ್ರ ಒಪ್ಪದಿರುವುದು ಸರಿಯಲ್ಲ. ಪಡಿತರ ಚೀಟಿ, ವಾಸಸ್ಥಳದ ದಾಖಲೆಯಿಂದಲೂ ಗ್ರಾಮೀಣತೆ ಸಾಬೀತಾಗಬಲ್ಲದು. ನಿಯಮ ಬದಲಾಗುವವರೆಗೆ ಈ ಸೀಟುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕಾಲದ ಲೆಕ್ಕ ಇನ್ನೊಂದು. ಎನ್‌ಐಒಎಸ್ ಪರೀಕ್ಷೆ ವರ್ಷಕ್ಕೆರಡು, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಹತ್ತು ಪಾಸಾಗಿ ಎರಡು ವರ್ಷ ಕಳೆಯದೆ ಹನ್ನೆರಡು ಪೂರ್ತಿಯಾಗುವುದಿಲ್ಲ. ಸಿಇಟಿಯ ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಾಲು ಹನ್ನೆರಡನೆಯ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಅಂಕ. ಏಪ್ರಿಲ್ ಪರೀಕ್ಷೆಯ ಫಲಿತಾಂಶ ತಡವಾದರೆ ಅಂಕ ತುಂಬುವ ಗಡುವು ಮೀರಿ ರ‍್ಯಾಂಕ್ ತಡೆಹಿಡಿಯಲ್ಪಡುತ್ತದೆ. ಅದಕ್ಕೇ ಹನ್ನೆರಡನ್ನು ಸಿಇಟಿಯ ಹಿಂದಿನ ಅಕ್ಟೋಬರಿಗೇ ಮುಗಿಸಿ, ಅಂದರೆ ಹತ್ತನ್ನು ಅದಕ್ಕೂ ಎರಡು ವರ್ಷ ಮೊದಲಿನ ಅಕ್ಟೋಬರಿನೊಳಗೇ ಕಟ್ಟಿ. ಎನ್‌ಐಒಎಸ್‌ನಲ್ಲಿ ಮನೆಯಲ್ಲೇ ಬರೆದು ಸಲ್ಲಿಸುವ, ಶೇ 20 ತೂಕದ ಟಿಎಂಎ ಅಸೈನ್‌ಮೆಂಟನ್ನು ಕೊಡದೆ ಬಿಟ್ಟರೆ ಸುಮ್ಮನೆ ಅಂಕ ಹೋಗುತ್ತದೆ.

ಸಿಇಟಿ ಅರ್ಜಿ ಶಾಲಾ ಮಕ್ಕಳ ವಿವರವನ್ನು ಸ್ಯಾಟ್ಸ್ ಸಂಖ್ಯೆಯಿಂದ (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೆ ಇರುವ ಸಂಖ್ಯೆ) ತಾನೇ ಎಳೆದುಕೊಳ್ಳುತ್ತದೆ. ನಡುವೆ ಶಾಲೆ ಬಿಟ್ಟ ಮಗುವಿನದು ಅಲ್ಲಿ ಅರ್ಧಕ್ಕೇ ನಿಂತಿರುತ್ತದೆ, ಉಳಿದದ್ದಕ್ಕೆ ಕಾಗದವನ್ನೇ ತೋರಿಸಬೇಕು. ಡಿಗ್ರಿಗಾದರೆ ಈ ತಾಪತ್ರಯ ಕಡಿಮೆ: ತುಮಕೂರು ವಿಶ್ವವಿದ್ಯಾಲಯಕ್ಕಾಗಲಿ ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕಾಗಲಿ ಮಾರ್ಕ್ಸ್ ಕಾರ್ಡ್, ಬೋರ್ಡು ಕೊಡುವ ಮೈಗ್ರೇಶನ್ ಸರ್ಟಿಫಿಕೇಟ್ ಇಟ್ಟುಕೊಂಡು ಹೋಗಿ, ಎಲಿಜಿಬಿಲಿಟಿ (ಅರ್ಹತಾ) ಸರ್ಟಿಫಿಕೇಟ್ ಬೇಕೇ ಎಂದು ಫೀಸು ಕಟ್ಟುವ ಮೊದಲೇ ಕೇಳಿಕೊಳ್ಳಿ. ಶಾಲೆ ಬಿಡಿಸುವ ದಿನವೇ ಟಿಸಿ ಜೊತೆ ಸ್ಟಡಿ ಸರ್ಟಿಫಿಕೇಟ್ ಬರೆಸಿ, ಬಿಇಒ ಸಹಿ ಹಾಕಿಸಿ, ಆಧಾರ್‌ನಲ್ಲಿ ಇನಿಷಿಯಲ್ ಹೇಗಿದೆಯೋ ಹಾಗೇ ಅದರಲ್ಲೂ ಇದೆಯಾ ಎಂದು ಅಲ್ಲೇ ನಿಂತು ಓದಿ ನೋಡಿ.