ತಾತ ಎಳೆಯುತ್ತಿದ್ದ ಸಾಲು

ಡಿಸೆಂಬರ್ 24, ಸಂಜೆ ಐದು. ಜರ್ಮನಿಯ ಎಸ್‌ಲಿಂಗನ್‌ನಲ್ಲಿ ಆಗಲೇ ಕತ್ತಲು. ಬಳ್ಳಾರಿಯಿಂದ ಸೂಟ್‌ಕೇಸ್‌ನಲ್ಲಿ ಬಂದ ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡುತ್ತಿದ್ದೆ. ರಾತ್ರಿ ಕ್ರಿಸ್‌ಮಸ್‌ಗೆ ನಾವು ಆರು ಮನೆಯವರು ಸೇರುವವರಿದ್ದೆವು. ಬಳ್ಳಾರಿಯವರು ಅಂದಮೇಲೆ ಒಗ್ಗರಣೆ-ಮಿರ್ಚಿ ನಮ್ಮ ಪಾಲಿಗೆ. ಇಲ್ಲಿನ ಮೆಣಸಿನಕಾಯಿಗೆ ಖಾರವೇ ಇಲ್ಲ, ಅದು ಬೇರೆ ಮಾತು.

ಇಲ್ಲಿಗೆ ಬಂದ ಮೊದಲ ವರ್ಷ ಯಾರ ಪರಿಚಯವೂ ಇರಲಿಲ್ಲ. ಸಕ್ಕರೆ ಡಬ್ಬಿಗೆ ಫೋನ್ ಒರಗಿಸಿ, ಊರಿನ ಮನೆಯವರ ಜೊತೆ ವಿಡಿಯೋ ಕಾಲ್‌ನಲ್ಲೇ ಹಬ್ಬ ಮಾಡಿದೆವು. ಪ್ರಾರ್ಥನೆ ಆಯ್ತು, ವಾಕ್ಯ ಓದಿದ್ದೂ ಆಯ್ತು. ಹಾಡು ಶುರುವಾಯ್ತು ನೋಡಿ, ಎಲ್ಲ ಕಲಸುಮೇಲೋಗರ. ಅವರ ದನಿ ನಮಗೆ ತಡವಾಗಿ ಕೇಳುತ್ತೆ, ಅದಕ್ಕೆ ಹೊಂದಿಕೊಂಡು ನಾವು ಹಾಡಿದರೆ ಅವರಿಗೆ ಇನ್ನೂ ತಡವಾಗಿ ಕೇಳುತ್ತೆ. ಕೊನೆಗೆ ಅಮ್ಮ, “ನೀವು ಮ್ಯೂಟ್ ಮಾಡ್ಕೊಂಡು ಹಾಡ್ರಪ್ಪ” ಅಂದರು. ನಾವೂ ಹಾಗೇ ಹಾಡಿದೆವು. ಯಾರಿಗೂ ಕೇಳದ ಹಾಡು.

ಬೈಬಲಿನಲ್ಲಿ ಕೊಲೊಸ್ಸೆಯವರಿಗೆ ಬರೆದ ಪತ್ರದ 3:16 ನನಗೆ ಅರ್ಥವಾದದ್ದು ಆವತ್ತು. ಕೀರ್ತನೆಗಳಿಂದ ಒಬ್ಬರಿಗೊಬ್ಬರು ಬುದ್ಧಿ ಹೇಳಿಕೊಳ್ಳಿ ಅಂತ ಪೌಲ ಅಲ್ಲಿ ಬರೆಯುತ್ತಾನೆ. ಹಾಡು ದೇವರಿಗೆ ಅಂತಲೇ ಅಂದುಕೊಂಡಿದ್ದೆ. ಪಕ್ಕದಲ್ಲಿ ನಿಂತವರಿಗೂ ಹೌದು.

ನಮ್ಮ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ವರ್ಷಗಟ್ಟಲೆ ಕೂತು ಬೈಬಲನ್ನು ಕನ್ನಡಕ್ಕೆ ತಂದರು ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ, ಅಲ್ವಾ? ಆದರೆ ಅಜ್ಜಿಯ ಬೈಬಲ್ ಅಂದರೆ ಬಾಯಿಪಾಠ ಬರುತ್ತಿದ್ದ ಹಾಡುಗಳೇ. ಅರ್ಧ ಕನ್ನಡ, ಅರ್ಧ ತೆಲುಗು. ಅವನ್ನು ಯಾರೂ ಕೂರಿಸಿ ಕಲಿಸಿರಲಿಲ್ಲ. ಭಾನುವಾರ ಭಾನುವಾರ ಪಕ್ಕದವರ ಬಾಯಿಂದ ಕೇಳಿ ಬಂದವು.

ನಮ್ಮ ಚರ್ಚಿನಲ್ಲಿ ಮುಂದಿನ ಬೆಂಚಿನ ಒಬ್ಬ ತಾತ ಇದ್ದರು. ಚರಣದ ಕೊನೇ ಸಾಲನ್ನು ಎಳೆದೂ ಎಳೆದೂ ಹಾಡುತ್ತಿದ್ದರು. ಹಾರ್ಮೋನಿಯಂನವರು ಮುಂದೆ ಹೋಗುತ್ತಿರಲಿಲ್ಲ, ಡೋಲಕ್ಕೂ ಕಾಯುತ್ತಿತ್ತು. ತಾತ ಉಸಿರು ತಗೊಂಡ ಮೇಲೇ ಇಡೀ ಸಭೆ ಪಲ್ಲವಿಗೆ ವಾಪಸ್. ಹುಡುಗರಾಗಿದ್ದಾಗ ನಮಗೆ ಸಿಕ್ಕಾಪಟ್ಟೆ ನಗು. ಈಗಿನ ಕೆಲವು ಕಡೆ ಹಾಗೆ ಕಾಯುವವರಿಲ್ಲ. ವೇದಿಕೆ ಮೇಲೆ ನಾಲ್ಕು ಮೈಕ್, ಕೀಬೋರ್ಡ್, ಡ್ರಮ್ಸ್. ಚೆನ್ನಾಗಿ ಹಾಡುತ್ತಾರೆ, ಇಲ್ಲ ಅನ್ನಲ್ಲ. ಕೆಳಗೆ ನಿಂತವರು ಬಾಯಿ ಆಡಿಸಿದರೂ ಒಂದೇ, ಸುಮ್ನೆ ನಿಂತರೂ ಒಂದೇ. ನನಗೆ ಅದು ಸರಿ ಕಾಣಲ್ಲ.

ಎಸ್‌ಲಿಂಗನ್ ಕನ್ನಡಕ್ಕೆ ತೀರಾ ಪರಊರೇನಲ್ಲ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಇಲ್ಲೇ. ಇಲ್ಲಿನ ಚರ್ಚಿನ ಗೋಡೆಯ ಮೇಲೆ, ನಮ್ಮೂರ ಚರ್ಚಿನಲ್ಲಿದ್ದಂಥದೇ ಒಂದು ಮರದ ಹಲಗೆ. ಅದರಲ್ಲಿ ಅವತ್ತಿನ ಹಾಡುಗಳ ನಂಬರ್. ಚರ್ಚಿನ ಸುಧಾರಣೆಗೆ ಹೊರಟ ಮಾರ್ಟಿನ್ ಲೂಥರ್ ಕಾಲದಲ್ಲಿ, 1524ರಲ್ಲಿ, ಜರ್ಮನ್ ಹಾಡಿನ ಪುಸ್ತಕಗಳು ಅಚ್ಚಾಗತೊಡಗಿದವು. ಪಾದ್ರಿಗಳ ಲ್ಯಾಟಿನ್ ಹಾಡು ಕೇಳುತ್ತಿದ್ದ ಜನ ತಮ್ಮ ಮಾತಲ್ಲೇ ಹಾಡತೊಡಗಿದರು. ನನಗೆ ಜರ್ಮನ್ ಅಷ್ಟಕ್ಕಷ್ಟೇ. ಆದರೂ ಮೊದಲ ಸಲ ಹೋದಾಗ ಹಲಗೆ ನೋಡಿ ನಂಬರ್ ಹುಡುಕಿದೆ. ಆರ್ಗನ್ ಶುರುವಾದರೆ ರಾಗ ಅಜ್ಜಿಯದು! ಮಾತು ಅವರದು ಹಾಡಲೋ ನಮ್ಮದೋ ಗೊತ್ತಾಗಲಿಲ್ಲ. ಮೆಲ್ಲಗೆ ಕನ್ನಡದಲ್ಲೇ ಹಾಡಿದೆ.

ಮೊನ್ನೆಯ 24ರ ರಾತ್ರಿ ಡೋಲಕ್ ಇರಲಿಲ್ಲ, ಖಾಲಿ ಅಕ್ಕಿ ಡಬ್ಬವೇ ಡೋಲಕ್. ಶುರು ಮಾಡೋದು ನನ್ನ ಕೆಲಸ. ಹುರುಪಲ್ಲಿ ಶ್ರುತಿ ತುಂಬಾ ಮೇಲೆ ಹಿಡಿದುಬಿಟ್ಟೆ. ಚರಣಕ್ಕೆ ಬರುವಷ್ಟರಲ್ಲಿ ಗಂಡಸರ ದನಿಯೆಲ್ಲ ಸತ್ತುಹೋಯ್ತು. ದಾವಣಗೆರೆಯ ಅಕ್ಕ ಒಬ್ಬರು, ಕೈಯಲ್ಲಿ ಮಿರ್ಚಿ ಹಿಡಿದುಕೊಂಡೇ, ಹಾಡನ್ನು ಕೆಳಗಿಳಿಸಿ ಮತ್ತೆ ಎತ್ತಿಕೊಂಡರು. ಎಲ್ಲರೂ ಅವರ ಹಿಂದೆ.

ಚರಣದ ಕೊನೇ ಸಾಲು ಬಂತು. ನಾನು ಎಳೆಯುತ್ತಾ ನಿಂತೆ. ಉಳಿದವರು ಆಗಲೇ ಪಲ್ಲವಿಗೆ ಹೋಗಿದ್ದರು.

“ಯಾಕ್ರೀ, ಅಲ್ಲೇ ನಿಂತುಬಿಟ್ರಿ?” ಅಂದರು ಹುಬ್ಬಳ್ಳಿಯವರು.

“ನಮ್ಮೂರಲ್ಲಿ ಇಲ್ಲಿ ಕಾಯ್ತೀವಿ” ಅಂದೆ.

ಎರಡನೇ ಚರಣಕ್ಕೆ ಅವರೂ ಕಾದರು.