‘ಈ ದೇಶ’ವೋ, ‘ನಮ್ಮ ದೇಶ’ವೋ

ನಾನು ಹೋಗುವ ಚರ್ಚಿನ ಬಾಗಿಲ ಪಕ್ಕ ಒಂದು ಬೋರ್ಡಿದೆ. ಯಾವ ಭಾನುವಾರ ಯಾರು ವಿಶ್ವಾಸಿಗಳ ಪ್ರಾರ್ಥನೆ ಓದಬೇಕು ಅಂತ ಮೂರು ತಿಂಗಳ ಪಟ್ಟಿಯನ್ನು ಮೊದಲೇ ಅಂಟಿಸಿರುತ್ತಾರೆ. 2024ರ ಆಗಸ್ಟ್ 4ರ ಎದುರು ನನ್ನ ಹೆಸರಿತ್ತು. ಆ ದಿನ ನೈಟ್ ಶಿಫ್ಟ್ ಬೀಳದಿದ್ದರೆ ಸಾಕು ಅಂದುಕೊಂಡಿದ್ದೆ, ಅಷ್ಟೇ.

ಜುಲೈ 29ರಂದು ಇಲ್ಲಿ ಇಂಗ್ಲೆಂಡಿನ ಸೌತ್‌ಪೋರ್ಟಿನಲ್ಲಿ ಆ ಘಟನೆ ನಡೆಯಿತು. ನಾನಿರುವ ಊರಿಂದ ರೈಲಲ್ಲಿ ಒಂದು ತಾಸೂ ಇಲ್ಲ. ರಜೆಯಲ್ಲಿ ಡ್ಯಾನ್ಸ್ ಕಲಿಯಲು ಬಂದಿದ್ದ ಮಕ್ಕಳಿಗೆ ಒಬ್ಬ ಹುಡುಗ ಚಾಕು ಹಾಕಿದ. ಆರು, ಏಳು, ಒಂಬತ್ತು ವರ್ಷದ ಮೂರು ಹೆಣ್ಣುಮಕ್ಕಳು ತೀರಿಹೋದರು. ಕೊಂದವನು ದೋಣಿಯಲ್ಲಿ ಬಂದ ವಲಸಿಗ ಅಂತ ಮೊಬೈಲಿಂದ ಮೊಬೈಲಿಗೆ ಸುಳ್ಳು ಹಬ್ಬಿತು. ಅವನು ಹುಟ್ಟಿದ್ದು ಇದೇ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ. ಆದರೆ ಯಾರಿಗೆ ಬೇಕು ಅದು? ಮರುದಿನ ಸಂಜೆ ಅಲ್ಲಿಯ ಮಸೀದಿಗೆ ಕಲ್ಲು ಬಿತ್ತು. ಆಮೇಲೆ ಊರಿಂದ ಊರಿಗೆ ಬೆಂಕಿ. ಸಂಡರ್‌ಲ್ಯಾಂಡಿನಲ್ಲಿ ಡ್ಯೂಟಿಗೆ ಹೊರಟಿದ್ದ ಫಿಲಿಪ್ಪೀನ್ಸ್ ನರ್ಸ್‌ಗಳ ಮೇಲೂ ಕಲ್ಲು ಎಸೆದರು. ನಾನೂ ನರ್ಸ್. ನನ್ನ ಬಣ್ಣವೂ ಬಸ್‌ಸ್ಟಾಪಿನಲ್ಲಿ ದೂರದಿಂದಲೇ ಕಾಣುತ್ತದೆ.

ಇಂಥ ವಾರದಲ್ಲಿ ದೇಶಕ್ಕಾಗಿ ಪ್ರಾರ್ಥನೆ ಬರೆಯುವ ಸರದಿ ನನ್ನದು.

ಊರಲ್ಲಿ ಚರ್ಚಿನ ಪೂಜೆಗೆ ಹೋಗದವರಿಗೆ ಇದು ಏನು ಅಂತ ಹೇಳಿಬಿಡುತ್ತೇನೆ. ಪಾದ್ರಿಗಳ ಪ್ರವಚನ, ವಿಶ್ವಾಸ ಪ್ರಮಾಣ ಎಲ್ಲ ಮುಗಿದ ಮೇಲೆ ಜನರ ಪರವಾಗಿ ಒಬ್ಬರು ಮುಂದೆ ಹೋಗಿ ಬೇಡಿಕೆಗಳನ್ನು ಓದುತ್ತಾರೆ. ಅದಕ್ಕೊಂದು ಕ್ರಮ ಇದೆ. ಮೊದಲು ಧರ್ಮಸಭೆಗೆ, ಆಮೇಲೆ ಆಳುವವರಿಗೆ ಮತ್ತು ಇಡೀ ಲೋಕಕ್ಕೆ, ಆಮೇಲೆ ಕಷ್ಟದಲ್ಲಿರುವವರಿಗೆ, ಕೊನೆಗೆ ನಮ್ಮ ಊರಿನವರಿಗೆ. ಒಂದೊಂದರ ಕೊನೆಗೂ ಜನ ‘ನಮ್ಮ ಪ್ರಾರ್ಥನೆಯನ್ನು ಕೇಳು’ ಅನ್ನುತ್ತಾರೆ. ನಮ್ಮೂರು ಕಾರವಾರದಲ್ಲೂ ಇದೇ, ಇಲ್ಲೂ ಇದೇ. ರೆಡಿಮೇಡ್ ಪುಸ್ತಕವೂ ಸಿಗುತ್ತದೆ, ನೋಡಿ ಓದಿದರೆ ಆಯಿತು. ಆದರೆ ತಿಂಗಳುಗಟ್ಟಲೆ ಮೊದಲೇ ಅಚ್ಚಾದ ಪುಸ್ತಕದಲ್ಲಿ ಸೌತ್‌ಪೋರ್ಟ್ ಇರುತ್ತದಾ?

ಶನಿವಾರ ಅಡುಗೆಮನೆ ಮೇಜಿನ ಮೇಲೆ ಕಾಗದ ಇಟ್ಟುಕೊಂಡು ಕೂತೆ. ಎರಡನೇ ಬೇಡಿಕೆಯಲ್ಲೇ ಪೆನ್ನು ನಿಂತಿತು. ‘ನಮ್ಮ ದೇಶಕ್ಕಾಗಿ’ ಅಂತ ಬರೆದೆ. ನಮ್ಮ ದೇಶ ಯಾವುದು? ನನ್ನ ಪಾಸ್‌ಪೋರ್ಟ್ ಬೇರೆ ಹೇಳುತ್ತದೆ. ಹೊಡೆದು ಹಾಕಿ ‘ಈ ದೇಶಕ್ಕಾಗಿ’ ಅಂತ ಮಾಡಿದೆ. ಬಾಡಿಗೆ ಮನೆಯ ಬಗ್ಗೆ ಹೇಳಿದ ಹಾಗಾಯಿತು. ಮತ್ತೆ ಹೊಡೆದು ಹಾಕಿದೆ.

ಕೇರಳದ ಗೆಳತಿಗೆ ಮೆಸೇಜ್ ಮಾಡಿದೆ. ಬೈಬಲ್ಲಿನಲ್ಲಿ ಯೆರೆಮೀಯನ 29ನೇ ಅಧ್ಯಾಯ ಓದು ಅಂದಳು. ಬಾಬಿಲೋನಿಗೆ ಸೆರೆ ಹೋದವರಿಗೆ ಪ್ರವಾದಿ ಬರೆದ ಕಾಗದ ಅದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನೀವಿರುವ ಆ ಪಟ್ಟಣಕ್ಕಾಗಿ ಬೇಡಿಕೊಳ್ಳಿ, ಅದಕ್ಕೆ ನೆಮ್ಮದಿ ಇದ್ದರೆ ನಿಮಗೂ ನೆಮ್ಮದಿ ಅನ್ನುತ್ತಾನೆ. ಮೊದಲು ಓದಿದಾಗ ಸ್ವಲ್ಪ ಲೆಕ್ಕಾಚಾರದ ಮಾತು ಅನಿಸಿತು. ಆದರೆ ವೀಸಾ ಮೇಲೆ ಬಂದು ದುಡಿಯುವವರ ಬದುಕು ಅಷ್ಟೇ ಅಲ್ವಾ? ಬಸ್ಸು ಓಡಿದರೆ ನನಗೆ ಕೆಲಸ, ಕೆಲಸ ಇದ್ದರೆ ಊರಿಗೆ ದುಡ್ಡು.

ಅಷ್ಟರಲ್ಲಿ ಕಾರವಾರದ ಕೋಡಿಬಾಗದಿಂದ ಅಮ್ಮನ ಫೋನ್ ಬಂತು. ಅಲ್ಲಿ ರಾತ್ರಿಯ ತೇರ್ಸ್ ಮುಗಿದಿತ್ತು. ನಮ್ಮ ಮನೆಯಲ್ಲಿ ಜಪಸರದ ಪ್ರಾರ್ಥನೆಗೆ ತೇರ್ಸ್ ಅಂತಲೇ ಹೇಳುವುದು. ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದ ದಿನದಿಂದ ತೇರ್ಸ್ ಮುಗಿದ ಮೇಲೆ ಗಂಗಾವಳಿ ಹೊಳೆಯಲ್ಲಿ ಕಾಣೆಯಾದವರಿಗೆ ಒಂದು ‘ಆಮ್ಚ್ಯಾ ಬಾಪಾ’ (‘ನಮ್ಮ ತಂದೆಯೇ’ ಅನ್ನುವ ಕೊಂಕಣಿ ಪ್ರಾರ್ಥನೆ) ಸೇರಿಸಿದ್ದಾಳೆ. ನನ್ನ ಪಂಚಾಯ್ತಿ ಹೇಳಿದೆ. ಅವಳು ನಕ್ಕಳು. “ನಿನ್ನ ಅಜ್ಜಿಗೂ ಇದೇ ಗೋಳಿತ್ತು” ಅಂದಳು.

1961. ಗೋವಾದಲ್ಲಿ ಇನ್ನೂ ಪೋರ್ಚುಗೀಸರು. ಕಾರವಾರದ ಪಕ್ಕದ ಬಿಣಗಾದ ಎದುರಿಗಿರುವ ಅಂಜದೀವ್ ದ್ವೀಪವೂ ಅವರದೇ. ಆ ನವೆಂಬರಿನಲ್ಲಿ ದ್ವೀಪದಿಂದ ಗುಂಡು ಹಾರಿಸಿ ನಮ್ಮ ಕಡೆಯ ಒಬ್ಬ ಮೀನುಗಾರನನ್ನು ಕೊಂದರು. ಕಾರವಾರದಲ್ಲಿ ಜನ ಕುದಿಯುತ್ತಿದ್ದರು. ಬಿಣಗಾದಲ್ಲಿದ್ದ ಅಜ್ಜಿಯೂ ಕುದಿಯುತ್ತಿದ್ದಳು. ಆದರೆ ಅವಳ ಅಕ್ಕನನ್ನು ಕೊಟ್ಟಿದ್ದು ಗೋವಾದ ಕಾಣಕೋಣಕ್ಕೆ. ಗಡಿ ಮುಚ್ಚಿ ವರ್ಷಗಳಾಗಿದ್ದವು, ಅಕ್ಕನ ಮುಖ ನೋಡಿರಲಿಲ್ಲ. ಅಂಜದೀವ್‌ನಲ್ಲಿ ಬ್ರೋಟಾಸ್ ಮಾತೆಯ, ಅಂದರೆ ಮೇರಿ ಮಾತೆಯ, ಹಳೆಯ ಇಗರ್ಜಿ (ಚರ್ಚು) ಬೇರೆ ಇದೆ. ಅಜ್ಜಿ ಹರಕೆ ಹೊತ್ತಿದ್ದೂ ಅದೇ ಮಾತೆಗೆ. ಡಿಸೆಂಬರ್ 18ರಂದು ನೌಕಾಪಡೆ ದ್ವೀಪಕ್ಕೆ ಇಳಿಯಿತು. ಫಿರಂಗಿ ಸದ್ದಿಗೆ ಮನೆ ಹಂಚು ಅದುರಿತ್ತಂತೆ. ಅಜ್ಜಿ ಮಕ್ಕಳನ್ನು ಕೂರಿಸಿಕೊಂಡು ತೇರ್ಸ್ ಶುರು ಮಾಡಿದಳು. ಪಕ್ಕದ ಮನೆಯಾಕೆ ಕೇಳಿದಳಂತೆ, “ಯಾರು ಗೆಲ್ಲಬೇಕು ಅಂತ ಬೇಡ್ತಿದ್ದೀಯೇ?” ಅಂತ.

“ಬೇಗ ಮುಗೀಲಿ ಅಂತ” ಅಂದಳಂತೆ ಅಜ್ಜಿ.

ಬೇಗವೇ ಮುಗಿಯಿತು. ಮರುದಿನಕ್ಕೆ ಗೋವಾ ನಮ್ಮದಾಯಿತು. ಆದರೆ ಆ ದ್ವೀಪದಲ್ಲಿ ನಮ್ಮ ಏಳು ಮಂದಿ ನಾವಿಕರು ಸತ್ತರು. ಅಮ್ಮ ಈ ಕಥೆ ಹೇಳುವಾಗಲೆಲ್ಲ ಆ ಏಳನ್ನು ಬಿಡುವುದಿಲ್ಲ.

ಪ್ರಾರ್ಥನೆಯಿಂದ ದೇಶ ಉಳಿಯಿತು ಅನ್ನುವ ಕಥೆ ಇಂಗ್ಲೆಂಡಿನಲ್ಲೂ ಒಂದಿದೆ. ಚರ್ಚಿನಲ್ಲಿ ಹೂವು ಜೋಡಿಸುವ ಒಬ್ಬ ಅಜ್ಜಿ ಅದನ್ನು ನನಗೆ ನಾಲ್ಕು ಸಲ ಹೇಳಿದ್ದಾರೆ. 1940ರ ಮೇ ತಿಂಗಳು. ಹಿಟ್ಲರನ ಸೇನೆ ಬ್ರಿಟಿಷರನ್ನೂ ಫ್ರೆಂಚರನ್ನೂ ಫ್ರಾನ್ಸಿನ ಡಂಕರ್ಕ್ ಕಡಲತೀರಕ್ಕೆ ಒತ್ತಿತ್ತು. ಮೇ 26, ಭಾನುವಾರ, ಇಡೀ ದೇಶ ಪ್ರಾರ್ಥಿಸಲಿ ಅಂತ ದೊರೆ ಆರನೇ ಜಾರ್ಜ್ ಕರೆ ಕೊಟ್ಟ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಹೊರಗೆ ಜನ ಕ್ಯೂ ನಿಂತರು. ಅದೇ ಸಂಜೆ ಸೈನಿಕರನ್ನು ವಾಪಸ್ ತರುವ ಕೆಲಸ ಶುರುವಾಯಿತು. ಜೂನ್ 4ರ ತನಕ 3,38,226 ಜನರನ್ನು ಕರೆತಂದರು. ಯುದ್ಧನೌಕೆಗಳ ಜೊತೆ ಮೀನಿನ ದೋಣಿ, ವಿಹಾರದ ದೋಣಿಗಳೂ ಹೋಗಿದ್ದವು. “ಸಮುದ್ರ ಕೊಳದ ಹಾಗೆ ತಣ್ಣಗಿತ್ತಮ್ಮ” ಅನ್ನುತ್ತಾರೆ ಆ ಅಜ್ಜಿ. ಅವರ ತಂದೆ ಅದರಲ್ಲೇ ವಾಪಸ್ ಬಂದವರು.

ನಾನು ಕಡಲ ಬದಿಯವಳು. ಸಮುದ್ರ ತಣ್ಣಗಿದ್ದರೆ ದೇವರಿಗೆ ಒಂದು ಮೇಣದಬತ್ತಿ ಹಚ್ಚುವುದು ನನಗೂ ಗೊತ್ತು. ಆದರೆ ಆ ಕಥೆಯಲ್ಲಿ ಒಂದು ಮುಳ್ಳಿದೆ. ಕೊನೆಯ ದೋಣಿ ಹೊರಟ ಮೇಲೂ ದಡದಲ್ಲಿ ಸಾವಿರಾರು ಫ್ರೆಂಚ್ ಸೈನಿಕರು ಉಳಿದು ಸೆರೆಯಾದರು. ಅವರ ತಾಯಂದಿರೂ ಮೇಣದಬತ್ತಿ ಹಚ್ಚಿದ್ದರು. ಎದುರಿಗಿದ್ದ ಜರ್ಮನ್ ಸೈನಿಕರ ಬೆಲ್ಟಿನ ಬಕಲಿನ ಮೇಲೆ ‘ದೇವರು ನಮ್ಮ ಜೊತೆಗಿದ್ದಾನೆ’ ಅಂತ ಕೆತ್ತಿತ್ತು. ಇದನ್ನು ಆ ಅಜ್ಜಿಗೆ ನಾನು ಹೇಳಿಲ್ಲ. ಅವರ ತಂದೆ ಬದುಕಿ ಬಂದರು, ಅಷ್ಟು ಸಾಕು.

ಕೊನೆಗೆ ರಾತ್ರಿ ಹತ್ತೂವರೆಗೆ ಬರೆದು ಮುಗಿಸಿದೆ. ಮೂರು ಮಕ್ಕಳಿಗೆ, ಅವರ ಮನೆಯವರಿಗೆ. ಹೆದರಿ ಬಾಗಿಲು ಹಾಕಿಕೊಂಡವರಿಗೆ. ಪೊಲೀಸರಿಗೆ. ಕಲ್ಲು ಎಸೆಯುವವರಿಗೂ ಒಂದು ಸಾಲು ಹಾಕಿದೆ. ಖುಷಿಯಿಂದ ಹಾಕಿದ್ದಲ್ಲ. ಶತ್ರುಗಳಿಗಾಗಿ ಬೇಡಿ ಅಂತ ಯೇಸು ಹೇಳಿದ್ದು ನೆನಪಾಗಿ, ಹಲ್ಲು ಕಚ್ಚಿ ಹಾಕಿದ್ದು. ‘ನಮ್ಮ’, ‘ಈ’ ಎರಡನ್ನೂ ಬಿಟ್ಟು ‘ನಾವು ಬದುಕುತ್ತಿರುವ ದೇಶಕ್ಕಾಗಿ’ ಅಂತ ಬರೆದೆ.

ಮರುದಿನ ಮೊದಲ ವಾಚನ ವಿಮೋಚನಾ ಕಾಂಡದ್ದು. ಈಜಿಪ್ಟ್ ಬಿಟ್ಟು ಬಂದವರು ಮರಳುಗಾಡಿನಲ್ಲಿ ಗೊಣಗುತ್ತಾರೆ, ಅಲ್ಲೇ ಇದ್ದಿದ್ದರೆ ಮಾಂಸದ ಪಾತ್ರೆಗಳ ಹತ್ತಿರ ಕೂತು ಹೊಟ್ಟೆತುಂಬ ಉಣ್ಣುತ್ತಿದ್ದೆವು ಅಂತ. ಬಾಂಗಡೆ ಸಾರಿನ ನೆನಪಾಗಿ ನಾನೂ ಎಷ್ಟು ಸಲ ಹೀಗೆ ಗೊಣಗಿದ್ದೇನೋ. ನನ್ನ ಸರದಿ ಬಂತು. ಕಾಗದ ನಡುಗುತ್ತಿತ್ತು. ಮಕ್ಕಳ ಸಾಲು ಓದಿದಾಗ ಜನ ‘ನಮ್ಮ ಪ್ರಾರ್ಥನೆಯನ್ನು ಕೇಳು’ ಅಂದದ್ದು ಗಟ್ಟಿಯಾಗಿತ್ತು. ಕಲ್ಲು ಎಸೆಯುವವರ ಸಾಲಿಗೆ ದನಿ ಅರ್ಧಕ್ಕೆ ಇಳಿಯಿತು. ಹಿಂದಿನ ಬೆಂಚಿನ ಫಿಲಿಪ್ಪೀನ್ಸ್ ಹುಡುಗಿಯರು ಬಾಯಿ ಬಿಡಲಿಲ್ಲ. ನನಗೆ ಅವರ ಮೇಲೆ ಬೇಜಾರಾಗಲಿಲ್ಲ.

ಮನೆಗೆ ಬಂದು ಅನ್ನಕ್ಕಿಟ್ಟು ಟಿವಿ ಹಾಕಿದರೆ ರಾಥರ್‌ಹ್ಯಾಮ್. ಆಶ್ರಯ ಕೇಳಿ ಬಂದವರನ್ನು ಇರಿಸಿದ್ದ ಹೋಟೆಲ್ಲಿನ ಕಿಟಕಿ ಒಡೆದು, ಕಸದ ತೊಟ್ಟಿಗೆ ಬೆಂಕಿ ಹಚ್ಚಿ ಬಾಗಿಲಿಗೆ ತಳ್ಳುತ್ತಿದ್ದಾರೆ. ಒಳಗೆ ಜನ ಇದ್ದಾರೆ. ನಾನು ಪ್ರಾರ್ಥನೆ ಓದಿ ಎರಡು ತಾಸೂ ಆಗಿರಲಿಲ್ಲ. ಕೋಟಿನ ಜೇಬಲ್ಲಿ ಕಾಗದ ಇನ್ನೂ ಹಾಗೇ ಇತ್ತು. ಅನ್ನ ತಳ ಹಿಡಿಯಿತು.

ಮಂಗಳವಾರ ರಾತ್ರಿ ತಮ್ಮನ ಫೋನ್. ಅಲ್ಲಿ ಆಗ ನಡುರಾತ್ರಿ ದಾಟಿ ಆಗಸ್ಟ್ 7. “ಅಕ್ಕಾ, ಕಾಳಿ ಸೇತುವೆ ಬಿತ್ತು!” ನಾನು ನಂಬಲಿಲ್ಲ. ಕೋಡಿಬಾಗದಿಂದ ಸದಾಶಿವಗಡಕ್ಕೆ ಸಾವಿರ ಸಲ ದಾಟಿದ ಹಳೆ ಸೇತುವೆ ಅದು. ಗೋವಾ ಕಡೆಯಿಂದ ಬರುತ್ತಿದ್ದ ಒಂದು ಲಾರಿ ಹೊಳೆಗೆ ಬಿದ್ದಿತ್ತು. ಕತ್ತಲೆ, ಮಳೆಗಾಲದ ನೀರು. ತಮಿಳುನಾಡಿನ ಡ್ರೈವರ್ ಲಾರಿ ಮೇಲೆ ಹತ್ತಿ ಕೂತಿದ್ದನಂತೆ. ನಮ್ಮ ಮೀನುಗಾರರು ಪೊಲೀಸರ ಜೊತೆ ದೋಣಿ ಹಾಕಿಕೊಂಡು ಹೋಗಿ ಅವನನ್ನು ದಡಕ್ಕೆ ತಂದರು.

ಬುಧವಾರ ಇಲ್ಲಿ ಮತ್ತೆ ಗಲಾಟೆ ಆಗುತ್ತದೆ ಅಂತ ಮಧ್ಯಾಹ್ನವೇ ಅಂಗಡಿಗಳ ಶಟರ್ ಇಳಿದವು. ಇಬ್ಬಿಬ್ಬರು ಜೊತೆಯಾಗಿ ಮನೆಗೆ ಹೋಗಿ ಅಂತ ವಾರ್ಡಿನಲ್ಲಿ ಹೇಳಿದರು. ಆದರೆ ಸಂಜೆ ಲಂಡನ್, ಲಿವರ್‌ಪೂಲ್, ಬ್ರೈಟನ್ ಎಲ್ಲ ಕಡೆ ಬೀದಿಗೆ ಬಂದವರು ಬೇರೆಯೇ ಜನ. ವಲಸಿಗರ ಪರವಾಗಿ ಸಾವಿರಗಟ್ಟಲೆ ಜನ ನಿಂತಿದ್ದರು. ಇದು ಯಾರ ಪ್ರಾರ್ಥನೆಯ ಫಲ ಅಂತ ಚರ್ಚಿನಲ್ಲಿ ಆಮೇಲೆ ಚರ್ಚೆ ಆಯಿತು. ನಾನು ಅದರಲ್ಲಿ ಸೇರಲಿಲ್ಲ. ಭಾನುವಾರದ ಹೋಟೆಲ್ ನೆನಪಲ್ಲಿತ್ತು.

ಗುರುವಾರ ಅಮ್ಮನ ಜೊತೆ ಮಾತಾಡಿದೆ. ತೇರ್ಸ್ ಆದ ಮೇಲೆ ಈಗ ಮೂರು ‘ಆಮ್ಚ್ಯಾ ಬಾಪಾ’ ಅಂತೆ. ಶಿರೂರಿನವರಿಗೆ ಒಂದು, ಕಾಳಿ ಹೊಳೆಯಲ್ಲಿ ಬಿದ್ದ ಡ್ರೈವರಿಗೆ ಒಂದು.

“ಮೂರನೇದು?”

“ನಿನ್ನ ಊರಿಗೆ. ಅದರ ಹೆಸರು ನನ್ನ ಬಾಯಲ್ಲಿ ಬರೂದಿಲ್ಲ. ‘ಆಮ್ಚೆಂ ಗಾಂವ್’ ಅಂತ ಹೇಳಿಬಿಡ್ತೇನೆ. ದೇವರಿಗೆ ಗೊತ್ತಾಗ್ತದೆ.”

ಆಮ್ಚೆಂ ಗಾಂವ್ ಅಂದರೆ ನಮ್ಮ ಊರು.

“ನಾಳೆ ನಿಂದು ಯಾವ ಶಿಫ್ಟು?” ಅಂತ ಕೇಳಿದಳು.