ಪುರುಸೊತ್ತು ಎಲ್ಲಿಂದ ಬಂತು ಅಂತ ಕೇಳಬೇಡಿ

"ಒಬ್ಬಳೇ 61 ಗುಂಡಿ ತೋಡಿದ್ಯಂತೆ. ಅಷ್ಟು ಪುರುಸೊತ್ತು ಎಲ್ಲಿಂದ ಬಂತು?"

ಮದುವೆಮನೆ, ಸೊಸೈಟಿ, ಶಿರಸಿ ಬಸ್ಸು, ಎಲ್ಲಿ ಸಿಕ್ಕಿದರೂ ಇದೇ ಪ್ರಶ್ನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಗುಂಡಿ ಅಂದರೆ ಇಂಗುಗುಂಡಿ. ನಮ್ಮ ಮನೆಯ ಮೇಲೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಕೆಳಗೆ ಅಡಿಕೆ ತೋಟ, ನಡುವೆ ಬಾವಿ. ಮಳೆಗಾಲದಲ್ಲಿ ಕೊಡೆ ಮಡಚಲು ಬಿಡದಷ್ಟು ಮಳೆ. ಏಪ್ರಿಲ್ ಬಂತೆಂದರೆ ಬಾವಿಯ ತಳ ಕಾಣುತ್ತಿತ್ತು. ಬಿದ್ದ ನೀರೆಲ್ಲ ಹರಿದು ಹಳ್ಳ ಸೇರುತ್ತಿತ್ತು, ಜೊತೆಗೆ ಬೆಟ್ಟದ ಮೇಲ್ಮಣ್ಣೂ. ಇಳಿಜಾರಿಗೆ ಅಡ್ಡವಾಗಿ ಗುಂಡಿ ತೋಡಿ, ಮಣ್ಣನ್ನು ಕೆಳಬದಿಗೆ ಏರಿ ಹಾಕಿದರೆ ನೀರು ಅಲ್ಲೇ ನಿಂತು ಇಂಗುತ್ತದೆ. ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳದ ಗುಂಡಿಗೆ ಸುಮಾರು 680 ಲೀಟರ್ ಹಿಡಿಯುತ್ತದೆ. ಅದೂ ಒಂದು ಸಲಕ್ಕೆ. ಮಳೆಗಾಲದುದ್ದಕ್ಕೂ ಅದು ತುಂಬುತ್ತಲೇ, ಇಂಗುತ್ತಲೇ ಇರುತ್ತದೆ.

ನಾನು ತೆಗೆದಿದ್ದು ದಿನಕ್ಕೆ ಹತ್ತು ಬುಟ್ಟಿ ಮಣ್ಣು. ಕೊಟ್ಟಿಗೆ ಕೆಲಸ ಮುಗಿಸಿ, ದೋಸೆ ಹುಯ್ಯುವ ಮೊದಲು. ಹುಮ್ಮಸ್ಸು ಬಂದ ದಿನವೂ ಹನ್ನೊಂದನೇ ಬುಟ್ಟಿ ತುಂಬಲಿಲ್ಲ. ತುಂಬಿದರೆ ಮರುದಿನ ಸೊಂಟ ಏಳುವುದಿಲ್ಲ. ಒಂದು ಗುಂಡಿಗೆ ಆರು ದಿನ. ದೀಪಾವಳಿಗೆ ಶುರು, ಶಿವರಾತ್ರಿಗೆ ನಿಲ್ಲಿಸುವುದು. ಆಮೇಲೆ ನಮ್ಮ ಬೆಟ್ಟದ ಮಣ್ಣು ಪಿಕಾಸಿಗೂ ಜಗ್ಗುವುದಿಲ್ಲ. ಹೀಗೆ ನಾಲ್ಕು ವರ್ಷ.

ಅದು ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನ ಸಮಯ ಬೇರೆ. ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿದು ಮಲಗುವ ದಿನಗಳವು. ಅದಕ್ಕೇ 'ಪುರುಸೊತ್ತು' ಅಂದರೆ ನನಗೆ ಮೈ ಉರಿಯುತ್ತದೆ. ಹೋದ ವರ್ಷ ಒಂದು ಉಪನಯನದಲ್ಲಿ ಭಾವ ಒಬ್ಬರು ಪಂಕ್ತಿಯಲ್ಲಿ ಕೂತು, ಎಲ್ಲರೆದುರು, "ನಿಂಗೆ ಪುರುಸೊತ್ತು ಜಾಸ್ತಿ ತಂಗಿ, ಜೆಸಿಬಿ ತಂದ್ರೆ ಎರಡೇ ದಿನದ ಕೆಲಸ" ಅಂದರು. ನಾನು ಬಡಿಸುತ್ತಿದ್ದೆ, ಕೈಯಲ್ಲಿ ಅಪ್ಪೆಹುಳಿ. ಸುಮ್ಮನೆ ಮುಂದಿನ ಎಲೆಗೆ ಹೋದೆ. ಭಾವಾ, ನಮ್ಮ ಬೆಟ್ಟಕ್ಕೆ ಜೆಸಿಬಿ ಹತ್ತಬೇಕಾದರೆ ಎಷ್ಟು ಮರ ಕಡಿಯಬೇಕು ಗೊತ್ತಾ? ಬೆಳಗಿನ ಆ ಮುಕ್ಕಾಲು ಗಂಟೆ ನನಗೆ ಯಾರೂ ಕೊಟ್ಟಿದ್ದಲ್ಲ. ನಿದ್ದೆಯಲ್ಲಿ ಕಡಿಮೆ ಮಾಡಿಕೊಂಡಿದ್ದು.

ಇನ್ನು ಕೆಲವರು ಶಿರಸಿಯ ಗೌರಿ ನಾಯ್ಕರ ಹೆಸರು ತೆಗೆಯುತ್ತಾರೆ. ಅವರು ಒಬ್ಬರೇ 60 ಅಡಿ ಬಾವಿ ತೋಡಿದವರು. ನನ್ನದು ಮೊಣಕಾಲೆತ್ತರದ ಗುಂಡಿ. ಅವರಿಗೆ ನನ್ನನ್ನು ಹೋಲಿಸಬೇಡಿ. ಆದರೆ ಅವರ ಸುದ್ದಿ ಓದಿದ ವಾರವೇ ನಾನು ಗುದ್ದಲಿಗೆ ಹೊಸ ಕಾವು ಹಾಕಿಸಿದ್ದು ನಿಜ.

ನನ್ನನ್ನು ಕೇಳಬೇಕಾದ್ದು ಬೇರೆ ಇದೆ. ನಡುವೆ ನಿಲ್ಲಿಸಿಬಿಟ್ಟಿದ್ದೆಯಲ್ಲ, ಮತ್ತೆ ಹೇಗೆ ಶುರು ಮಾಡಿದೆ? ಇದನ್ನು ಇಲ್ಲಿವರೆಗೆ ಒಬ್ಬರೂ ಕೇಳಿಲ್ಲ.

ಮೂರನೇ ವರ್ಷ ನವೆಂಬರ್‌ನಲ್ಲಿ ಅತ್ತೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಬೆಟ್ಟದ ಕಡೆ ತಲೆ ಹಾಕಲಾಗಲಿಲ್ಲ. ಅವರು ವಾಕರ್ ಹಿಡಿದು ಜಗಲಿವರೆಗೆ ಬರುವಂತಾದ ಮೇಲೂ ನನಗೆ ಹೋಗಲು ಮನಸ್ಸಿಲ್ಲ. ದಿನಾ ನಾಳೆ ನಾಳೆ ಅನ್ನುತ್ತಿದ್ದೆ. ಇಷ್ಟು ದಿನ ಬಿಟ್ಟೆ, ಇಷ್ಟು ಬುಟ್ಟಿ ಬಾಕಿ ಅಂತ ಸಾಲದ ಹಾಗೆ ತಲೆಯಲ್ಲಿ ಕೂತಿತ್ತು. ಕೊನೆಗೆ ಅತ್ತೆಯೇ, "ಇವತ್ತು ತೋಡಬೇಡ. ಸುಮ್ನೆ ಹೋಗಿ ನೋಡ್ಕೊಂಡು ಬಾ" ಅಂದರು.

ಹೋದೆ. ಅರ್ಧ ತೋಡಿದ್ದ ಗುಂಡಿಯ ತುಂಬ ದರಕು, ಉದುರಿದ ಒಣ ಎಲೆ. ಕೂತು ಎರಡೂ ಕೈಯಲ್ಲಿ ಬಾಚಿ ತೆಗೆದೆ. ತಳದಲ್ಲಿ ನನ್ನ ಪಿಕಾಸಿಯ ಗೀರುಗಳು ಹಾಗೇ ಇದ್ದವು, ನಿನ್ನೆ ತಾನೇ ಬಿಟ್ಟು ಹೋದ ಹಾಗೆ. ಕಣ್ಣು ತುಂಬಿತು. ಅವತ್ತು ಒಂದು ಬುಟ್ಟಿಯೂ ತೆಗೆಯಲಿಲ್ಲ. ಮರುದಿನ ಹತ್ತು. ಬಾಕಿ ಬುಟ್ಟಿಗಳ ಲೆಕ್ಕ ಆ ದರಕಿನ ಜೊತೆಗೇ ಹೋಯಿತು.

ಬಾವಿ ಈ ಸಲ ಮೇ ಕೊನೆಯವರೆಗೂ ಕೊಡ ಮುಳುಗುವಷ್ಟು ನೀರು ಕೊಟ್ಟಿತು. ಹೋದ ವರ್ಷದ ಮಳೆಯೂ ಚೆನ್ನಾಗಿತ್ತು, ಹಾಗಾಗಿ ಎಲ್ಲ ಗುಂಡಿಗಳದ್ದೇ ಅನ್ನಲಾರೆ. ನೀರು ಎಲ್ಲಿವರೆಗೆ ಇಳಿದಿತ್ತು ಅಂತ ಗುರುತಿಗೆ ಅತ್ತೆ ಬಾವಿ ಹಗ್ಗಕ್ಕೆ ಒಂದು ಗಂಟು ಹಾಕಿಟ್ಟಿದ್ದಾರೆ, ಬರುವ ಮೇನಲ್ಲಿ ನೋಡಲು. 62ನೇ ಗುಂಡಿಗೆ ಜಾಗ ಗುರುತು ಮಾಡಿ ಬಂದಿದ್ದೇನೆ. ಹಲಸಿನ ಮರದಾಚೆ, ದೀಪಾವಳಿ ಕಳೆದ ಮೇಲೆ.